ಮ್ಯಾಪ್ ಸ್ಪರ್ಧೆಯಲ್ಲಿ ಮಾಡ್‌ಗೆ ಅವಕಾಶ: ನಮ್ಮ ದಾರಿ

ಮಾಡ್ (ಆಟಕ್ಕೆ ಬೇರೆಯವರು ಬರೆದು ಸೇರಿಸುವ ಹೆಚ್ಚುವರಿ ಪ್ರೋಗ್ರಾಂ) ಹಾಕಲು ಬಿಟ್ಟರೆ ಸ್ಪರ್ಧೆ ಹಾಳಾಗುತ್ತೆ ಅಂತ ನಮ್ಮ ಗುಂಪಿನವರೇ ಹೇಳಿದ್ದರು. ಜಯನಗರದ ಗೇಮಿಂಗ್ ಕೆಫೆಯೊಂದರಲ್ಲಿ ಈ ಸಲ ನಡೆಸಿದ, ಬ್ಲಾಕ್ ಇಟ್ಟು ಕಟ್ಟುವ ಮೈನ್‌ಕ್ರಾಫ್ಟ್ ಆಟದ ಮ್ಯಾಪ್ (ಆಟದೊಳಗೆ ಕಟ್ಟಿದ ಲೋಕ) ಸ್ಪರ್ಧೆಗೆ 20 ಚಿಲ್ಲರೆ ಮ್ಯಾಪ್ ಬಂದವು. ತೆರೆಯದೇ ಕೈಕೊಟ್ಟದ್ದು ಒಂದೇ.

ಹಿಂದೆ ಎರಡು ರೀತಿ ನೋಡಿ ಆಗಿತ್ತು. ಮೊದಲು ಮಾಡ್ ಪೂರ್ತಿ ನಿಷೇಧ. ಒಂದೇ ಸಲಕ್ಕೆ ಸಾವಿರಾರು ಬ್ಲಾಕ್ ಇಡುವ ವರ್ಲ್ಡ್‌ಎಡಿಟ್ ಮಾಡ್‌ನಲ್ಲಿ ಬೆಟ್ಟ ಎಬ್ಬಿಸಿದವರು ಕೈಯಲ್ಲೇ ಕಟ್ಟಿದ್ದು ಅಂದರು. ಮುಗಿದ ಮ್ಯಾಪ್‌ನಲ್ಲಿ ಅದರ ಗುರುತೇ ಇರುವುದಿಲ್ಲ, ಹಿಡಿಯುವುದು ಹೇಗೆ? ಒಂದೊಂದೇ ಬ್ಲಾಕ್ ಇಟ್ಟು ಕಟ್ಟಿದ ಹುಡುಗಿ ಸೋತಳು. ಅದು ನನಗೆ ಇವತ್ತಿಗೂ ಬೇಜಾರು.

ಆಮೇಲೆ ಏನು ಬೇಕಾದರೂ ಹಾಕಿ ಅಂತ ಬಿಟ್ಟದ್ದು. ಮಾಡ್ ಓಡಿಸಲು ಒಬ್ಬರದು ಫೋರ್ಜ್, ಇನ್ನೊಬ್ಬರದು ಫ್ಯಾಬ್ರಿಕ್. ಒಬ್ಬರು ಆಟದ 1.12 ಆವೃತ್ತಿಯಲ್ಲಿ, ಇನ್ನೊಬ್ಬರು 1.20ರಲ್ಲಿ. ಒಂದು ಮಾಡ್ ಇಲ್ಲದಿದ್ದರೆ ಅದರ ಬ್ಲಾಕ್‌ಗಳೆಲ್ಲ ಮಾಯ. ತೀರ್ಪುಗಾರರ ಮುಂದೆ ಒಂದು ಅರಮನೆ ಚಾವಣಿಯೇ ಇಲ್ಲದೆ ನಿಂತಿತ್ತು. ಕೆಫೆಯಲ್ಲಿ ಒಂದು ಮಷೀನಿಗೆ ಗಂಟೆಗೆ 70-80 ರೂಪಾಯಿ. ಬರೀ ಇನ್‌ಸ್ಟಾಲ್ ಮಾಡುವುದರಲ್ಲೇ ನಾಲ್ಕೈದು ಸಾವಿರ ಹೋಯಿತು. ಬಹುಮಾನದ ದುಡ್ಡೇ ಅಷ್ಟಿರಲಿಲ್ಲ.

ಈ ಸಲ ಮಾಡ್‌ಗಳನ್ನು ಎರಡು ಭಾಗ ಮಾಡಿದೆವು. ಕಟ್ಟುವಾಗ ಮಾತ್ರ ಬೇಕಾಗುವವು, ಆಡುವಾಗಲೂ ಬೇಕಾಗುವವು. ಮೊದಲನೆಯದಕ್ಕೆ ಪೂರ್ತಿ ಅವಕಾಶ, ಬಳಸಿದ್ದನ್ನು ಬರೆದುಕೊಟ್ಟರೆ ಸಾಕು. ಎರಡನೆಯದಕ್ಕೆ ಎಲ್ಲರಿಗೂ ಒಂದೇ ಪಟ್ಟಿ. ಆಟದ 1.20.1 ಆವೃತ್ತಿ, ಫ್ಯಾಬ್ರಿಕ್, ಆಟ ಓಡಲು ಬೇಕಾದ ಜಾವಾ 17, ಹತ್ತು ಹನ್ನೆರಡು ಮಾಡ್. ಯಾವುದು ಬೇಕು ಅಂತ ಸ್ಪರ್ಧಿಗಳೇ ಮತ ಹಾಕಿದರು. ಸ್ಪರ್ಧೆಗೆ ತಿಂಗಳ ಮುಂಚೆ ಪಟ್ಟಿಗೆ ಬೀಗ. ಒಂದೇ ಮಾಡ್‌ಪ್ಯಾಕ್ ಫೈಲ್ ಮಾಡಿ ಎಲ್ಲರಿಗೂ ಕಳಿಸಿದೆವು. ಆ ಫೈಲ್‌ನಲ್ಲಿ ಇರುವುದು ಮಾಡ್‌ಗಳ ಲಿಂಕ್ ಮಾತ್ರ, ಹಾಗಾಗಿ ಬೇರೆಯವರ ಕೆಲಸವನ್ನು ನಾವು ಹಂಚಿದ ಹಾಗೂ ಆಗಲಿಲ್ಲ.

  

‘ಮಾಡ್ ಹಾಕಿದವರೇ ಗೆಲ್ಲುತ್ತಾರೆ ಅಲ್ವಾ?’ ಅನ್ನುವುದು ದೊಡ್ಡ ಅನುಮಾನವಾಗಿತ್ತು. ಅದಕ್ಕೆ ತೀರ್ಪುಗಾರರು ಮೊದಲು ಆಡಿ ಅಂಕ ಹಾಕಬೇಕು, ಆಮೇಲಷ್ಟೇ ಮಾಡ್‌ಗಳ ವಿವರ ನೋಡಬೇಕು ಅಂತ ಮಾಡಿದೆ. ಗೆದ್ದದ್ದು ಯಾವುದು ಗೊತ್ತಾ? ಕೆಂಪೇಗೌಡರ ನಾಲ್ಕು ಗಡಿಗೋಪುರಗಳ ಮ್ಯಾಪ್. ಲಾಲ್‌ಬಾಗ್ ಬಂಡೆಯ ಮೇಲಿನ ಗೋಪುರದಲ್ಲಿ ದೀಪ ಹಚ್ಚಿ, ಹಲಸೂರು, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತ ಎಲ್ಲ ಮುಟ್ಟಿ ಬರಬೇಕು. ಬರೀ ಕಮಾಂಡ್ ಬ್ಲಾಕ್, ಡೇಟಾಪ್ಯಾಕ್, ಅಂದರೆ ಮಾಡ್ ಇಲ್ಲದೆ ಆಟದಲ್ಲೇ ಸಿಗುವ ಸೌಲಭ್ಯಗಳು. ಪಟ್ಟಿಯ ಒಂದು ಮಾಡ್ ಕೂಡ ಇಲ್ಲ. ಎರಡನೆಯ ಬಹುಮಾನ ಮಾಡ್ ತುಂಬಿದ ಮ್ಯಾಪ್‌ಗೆ. ಎರಡೂ ಒಂದೇ ಕಣದಲ್ಲಿ ನಿಂತವು, ನನಗೆ ಬೇಕಾದದ್ದೂ ಅದೇ. ಹೆಸರಾಂತ ಶೂಟಿಂಗ್ ಆಟ ಕೌಂಟರ್-ಸ್ಟ್ರೈಕ್ ಶುರುವಾದದ್ದೇ 1999ರಲ್ಲಿ, ಹಾಫ್-ಲೈಫ್ ಅನ್ನುವ ಆಟದ ಮಾಡ್ ಆಗಿ. ಇಂಥ ಕೆಲಸ ಮಾಡುವ ಹುಡುಗರನ್ನು ಬಾಗಿಲಲ್ಲೇ ತಡೆಯಲು ನನಗೆ ಮನಸ್ಸಿಲ್ಲ.

ನಡುವೆ ಇನ್ನೊಂದನ್ನೂ ನೋಡಿದೆ. ಹಳೇ ಲ್ಯಾಪ್‌ಟಾಪ್‌ಗಳಿಗೆ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ರ್‍ಯಾಮ್ ಹಾಕಿಸಿ, ಒಂದಕ್ಕೆ ಸಾವಿರದ ಆಸುಪಾಸು, ಲುವಾಂಟಿ ಓಡಿಸಿದೆ. ಮೈನ್‌ಕ್ರಾಫ್ಟ್ ತರಹದ್ದೇ ಉಚಿತ ಆಟ, ಹಿಂದೆ ಮೈನ್‌ಟೆಸ್ಟ್ ಅಂತಿದ್ದದ್ದು. ಅದರಲ್ಲಿ ಮಾಡ್ ಸರ್ವರ್‌ನಲ್ಲಿದ್ದರೆ ಸಾಕು, ಬೇಕಾದ ಚಿತ್ರ, ಸದ್ದು ಎಲ್ಲ ಆಟಗಾರರ ಮಷೀನಿಗೆ ತಾನೇ ಹೋಗುತ್ತೆ. ಇನ್‌ಸ್ಟಾಲ್ ರಗಳೆಯೇ ಇಲ್ಲ. ಶಾಲಾ ಮಕ್ಕಳ ಸ್ಪರ್ಧೆಗೆ ಇದೇ ಸರಿ ಅನಿಸಿದೆ.

ಮುಂದಿನ ಸಲ ಬೆಂಗಳೂರಿನ ಕೆರೆಗಳೇ ವಿಷಯ. ಮೈನ್‌ಕ್ರಾಫ್ಟ್ 1.21, ಜಾವಾ 21. ಬೆಳಕು ನೆರಳು ಚಂದ ಮಾಡುವ ಶೇಡರ್ ಮಾತ್ರ ಬೇಡ, ಕೆಫೆಯ ಅರ್ಧ ಮಷೀನು ಅದನ್ನು ಎಳೆಯುವುದಿಲ್ಲ. ಪಟ್ಟಿಗೆ ಮಾಡ್ ಸೂಚಿಸುವವರು ದೀಪಾವಳಿಯೊಳಗೆ ಹೇಳಿ.