ಬಾಯಿಬಿಟ್ಟು ಹೇಳಲು ಕಲಿತ ವರ್ಷಗಳು

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಶನಿವಾರ ಮಧ್ಯಾಹ್ನ ನರ್ಸಿಂಗ್ ಓದುತ್ತಿರುವ, ಇಲ್ಲವೇ ಈಗಾಗಲೇ ಕೆಲಸಕ್ಕೆ ಸೇರಿರುವ ಐದಾರು ಹೆಣ್ಣುಮಕ್ಕಳು ಬರುತ್ತಾರೆ. ಇಂಗ್ಲೆಂಡಿಗೆ ಹೋಗಲು ಎಷ್ಟು ಖರ್ಚು, ಯಾವ ಪರೀಕ್ಷೆ, ಯಾವ ಏಜೆಂಟ್ ಎಂಬುದೇ ಅವರ ಮೊದಲ ಪ್ರಶ್ನೆ. ಆದರೆ ಸ್ಟಾಫ್ ನರ್ಸ್ ಆಗಿ ಹೋದ ನಾನು ಅಲ್ಲಿ ಒಂದು ವಾರ್ಡನ್ನು ನಡೆಸುವ ಮಟ್ಟಕ್ಕೆ ಬಂದದ್ದು ಹೇಗೆ ಎಂದು ಯಾರಾದರೂ ಕೇಳಿದರೆ, ಊರು ಬಿಡುವುದಕ್ಕೆ ಮೊದಲಿನ ಒಂದು ರಾತ್ರಿಯಿಂದಲೇ ಹೇಳಬೇಕಾಗುತ್ತದೆ.

ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ನಲವತ್ತಕ್ಕೂ ಹೆಚ್ಚು ರೋಗಿಗಳಿದ್ದ ವಾರ್ಡಿನಲ್ಲಿ ನೈಟ್ ಡ್ಯೂಟಿಗೆ ನಾವು ಇಬ್ಬರೇ ಇದ್ದೆವು. ಮಂಡ್ಯದ ಕಡೆಯ ವಯಸ್ಸಾದ ರೈತರೊಬ್ಬರ ಉಸಿರಾಟ ಬಿರುಸಾಗುತ್ತಿದ್ದುದನ್ನು ನಾನು ಗಮನಿಸಿದ್ದೆ, ಎಣಿಸಿಯೂ ಇದ್ದೆ. ಆಗ ತಾನೇ ಮಲಗಿದ್ದ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ ಬೈಸಿಕೊಳ್ಳುವ ಧೈರ್ಯವಾಗದೆ, ಕೇಸ್ ಶೀಟಿನಲ್ಲಿ ಬರೆದಿಟ್ಟು ಸುಮ್ಮನಾದೆ. ಬೆಳಗಿನ ರೌಂಡ್ಸ್ ಹೊತ್ತಿಗೆ ಅವರನ್ನು ಐಸಿಯುಗೆ ಸಾಗಿಸಬೇಕಾಯಿತು. ಅವರು ಬದುಕಿ ಮನೆಗೆ ಹೋದರು, ಹೋಗುವಾಗ ನನಗೆ ಕೈ ಮುಗಿದರು. ಆ ನಮಸ್ಕಾರಕ್ಕೆ ನಾನು ಅರ್ಹಳಾಗಿರಲಿಲ್ಲ.

ಇಂಗ್ಲೆಂಡಿನಲ್ಲಿ ನೋಂದಣಿ ನೀಡುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಆಗ ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗಗಳಲ್ಲಿ 7 ಅಂಕ ಕೇಳುತ್ತಿತ್ತು. ಬರವಣಿಗೆಯಲ್ಲಿ ನನಗೆ ಎರಡು ಬಾರಿ 6.5 ಬಂದು ನಿಂತಿತು. ಬರವಣಿಗೆಗೆ 6.5 ಸಾಕೆಂದು ನಿಯಮ ಸಡಿಲವಾದದ್ದು 2018ರ ಕೊನೆಯಲ್ಲಿ, ನಾನು ದಾಟಿ ಹೋದ ಮೇಲೆ. ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆಯೂ ಮುಗಿದು, 2016ರಲ್ಲಿ ವಿಮಾನ ಹತ್ತಿದೆ.

ಅಲ್ಲಿ ಹೋದ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಆಗ ಅದರಲ್ಲಿ ಆರು ಹಂತಗಳಿದ್ದವು: ರೋಗಿಯ ಸ್ಥಿತಿಯನ್ನು ಅರಿಯುವುದು, ಆರೈಕೆಯ ಯೋಜನೆ ಬರೆಯುವುದು, ಔಷಧಿ ಕೊಡುವುದು, ಮುಂದಿನವರಿಗೆ ವಿವರ ಒಪ್ಪಿಸುವುದು, ಜೊತೆಗೆ ಕೈಯಾರೆ ಮಾಡಿ ತೋರಿಸುವ ಎರಡು ನರ್ಸಿಂಗ್ ಕೆಲಸಗಳು. ಔಷಧಿಯ ಹಂತದಲ್ಲಿ ನಾನು ಫೇಲಾದೆ. ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ಚಾರ್ಟಿನಲ್ಲಿ ಕಣ್ಣಾಡಿಸಿ ನೋಡಿಕೊಂಡಿದ್ದೆನೇ ಹೊರತು ರೋಗಿಯನ್ನು ಬಾಯಿಬಿಟ್ಟು ಕೇಳಿರಲಿಲ್ಲ. ನನ್ನ ಮನಸ್ಸಿನಲ್ಲಿ ನಡೆದದ್ದು ಪರೀಕ್ಷಕರಿಗೆ ಕಾಣುವುದು ಹೇಗೆ? ಎರಡನೆಯ ಸಲಕ್ಕೆ ಬಾಡಿಗೆ ಕೋಣೆಯ ದಿಂಬನ್ನೇ ರೋಗಿಯಾಗಿಸಿಕೊಂಡು, ಮಾಡುವ ಪ್ರತಿಯೊಂದು ಕೆಲಸವನ್ನೂ ಗಟ್ಟಿಯಾಗಿ ಹೇಳುತ್ತಾ ಮೂರು ವಾರ ಅಭ್ಯಾಸ ಮಾಡಿ ಪಾಸಾದೆ.

ವಾರ್ಡಿನ ಕೆಲಸ ಇದಕ್ಕಿಂತ ಹೆಚ್ಚು ಕಲಿಸಿತು. ನಮ್ಮಲ್ಲಿ ರೋಗಿಯ ಮೈ ತೊಳೆಯುವುದು, ಊಟ ಮಾಡಿಸುವುದು ಮನೆಯವರ ಪಾಲಿಗೆ ಬರುತ್ತದೆ. ಅಲ್ಲಿ ಅದು ನರ್ಸಿನ ಮತ್ತು ಅವಳ ಸಹಾಯಕರ ಕೆಲಸ. ಓದಿ ಬಂದವಳಿಗೆ ಇದೇಕೆ ಎಂದು ಮೊದಮೊದಲು ನನಗೆ ಅನ್ನಿಸಿದ್ದು ನಿಜ. ಆದರೆ ಮೈ ತೊಳೆಯುವಾಗಲೇ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿ ಬೆಡ್ ಸೋರ್ ಶುರುವಾಗುತ್ತಿರುವುದು, ಎರಡು ಹೆಜ್ಜೆ ನಡೆದರೆ ಉಸಿರು ಕಟ್ಟುವುದು, ನಿನ್ನೆ ಮಾತಾಡುತ್ತಿದ್ದವರು ಇಂದು ತಡವರಿಸುವುದು ಕಾಣುತ್ತದೆ. ಡಾಕ್ಟರಿಗೆ ಹೇಳಲು ನನ್ನದೇ ಆದ ಮಾತು ಹುಟ್ಟಿದ್ದು ಅಲ್ಲಿ.

ಒಂದು ರಾತ್ರಿ ಅಂಥದೇ ಮತ್ತೊಬ್ಬ ಹಿರಿಯರು. ಉಸಿರಾಟ ನಿಮಿಷಕ್ಕೆ 26, ರಕ್ತದ ಆಮ್ಲಜನಕ ಶೇ. 93, ನಾಡಿ 114. ಅಲ್ಲಿ ಬಳಸುವ ನ್ಯೂಸ್ ಎಂಬ ಎಚ್ಚರಿಕೆ ಪಟ್ಟಿಯಲ್ಲಿ ಇವಕ್ಕೆ ಕ್ರಮವಾಗಿ 3, 2, 2 ಅಂಕ. ಒಟ್ಟು 7 ಮುಟ್ಟಿದರೆ ಡಾಕ್ಟರನ್ನು ತುರ್ತಾಗಿ ಕರೆಯಲೇಬೇಕು. ಸ್ಥಿತಿ ಏನು, ಹಿನ್ನೆಲೆ ಏನು, ನನ್ನ ಅಂದಾಜೇನು, ನಿಮ್ಮಿಂದ ಏನಾಗಬೇಕು ಎಂಬ ಕ್ರಮದಲ್ಲಿ ಫೋನಿನಲ್ಲಿ ಹೇಳಿದೆ. "ಸ್ವಲ್ಪ ಹೊತ್ತು ನೋಡೋಣ" ಎಂಬ ಉತ್ತರ ಬಂತು. ಮಂಡ್ಯದ ಕಡೆಯ ಆ ರೈತರ ಮುಖ ಕಣ್ಣ ಮುಂದೆ ಬಂತು. "ಇಲ್ಲ, ನೀವು ಈಗಲೇ ಬಂದು ನೋಡಬೇಕು" ಎಂದೆ. ಹತ್ತು ನಿಮಿಷದಲ್ಲಿ ಡಾಕ್ಟರ್ ಬಂದರು. ನರ್ಸ್ ಆಗಿ ನನ್ನ ನಿಜವಾದ ಬಡ್ತಿ ಅದು ಎಂದು ಈಗಲೂ ನಂಬಿದ್ದೇನೆ.

ಅಧಿಕೃತ ಬಡ್ತಿ ಸುಲಭವಾಗಿ ಬರಲಿಲ್ಲ. ಅಲ್ಲಿ ಹೊಸ ನರ್ಸ್ ಬ್ಯಾಂಡ್ 5 ಎಂಬ ವೇತನ ಶ್ರೇಣಿಯಲ್ಲಿರುತ್ತಾಳೆ. ವಾರ್ಡ್ ನಡೆಸುವವರು ಸಾಮಾನ್ಯವಾಗಿ ಬ್ಯಾಂಡ್ 7. ಸೇವೆಯ ವರ್ಷ ಎಣಿಸಿ ಯಾರೂ ಮೇಲಕ್ಕೆ ಕಳುಹಿಸುವುದಿಲ್ಲ. ಖಾಲಿ ಹುದ್ದೆಗೆ ನಾವೇ ಅರ್ಜಿ ಹಾಕಿ ಸಂದರ್ಶನ ಎದುರಿಸಬೇಕು. ಬ್ಯಾಂಡ್ 6ರ ಮೊದಲ ಸಂದರ್ಶನದಲ್ಲಿ ಪ್ರತಿ ಪ್ರಶ್ನೆಗೂ "ನಾವು ಹೀಗೆ ಮಾಡಿದೆವು" ಎಂದೇ ಉತ್ತರಿಸಿದೆ. "ನಾನು ಮಾಡಿದೆ" ಎಂದರೆ ಜಂಬ ಎಂದು ಬೆಳೆದ ಮನೆ ನಮ್ಮದು. ಆಯ್ಕೆಯಾಗಲಿಲ್ಲ. ಕಾರಣ ಕೇಳಿದಾಗ, ನಿಮ್ಮ ಪಾತ್ರ ಯಾವುದೆಂದು ನಮಗೆ ಕೊನೆಗೂ ತಿಳಿಯಲಿಲ್ಲ ಎಂದರು. ಮುಂದಿನ ಸಲ ಆ ರಾತ್ರಿಯ ಫೋನ್ ಕರೆಯನ್ನು ನಡೆದ ಹಾಗೆಯೇ, ನನ್ನ ಹೆಸರಿನಲ್ಲಿಯೇ ಹೇಳಿದೆ. ಹುದ್ದೆ ಸಿಕ್ಕಿತು. ಕೊರೊನಾದ ಮೊದಲ ಅಲೆಯನ್ನು ಅದೇ ಹುದ್ದೆಯಲ್ಲಿ ಕಂಡು, 2021ರಲ್ಲಿ ವಾರ್ಡಿನ ಹೊಣೆ ಹೊತ್ತೆ.

ಹೊಣೆ ಹೊತ್ತ ಮೇಲೆ ಮೊದಲು ಬದಲಿಸಿದ್ದು ಡ್ಯೂಟಿ ಒಪ್ಪಿಸುವ ಕ್ರಮವನ್ನು. ಹೊರದೇಶಗಳಿಂದ ಬಂದ ನರ್ಸ್‌ಗಳು ಅಲ್ಲಿ ಮೂಲೆಯಲ್ಲಿ ಮೌನವಾಗಿ ನಿಲ್ಲುತ್ತಿದ್ದರು. ಅವರ ಮೌನವನ್ನು ಕೆಲವರು ಅಜ್ಞಾನವೆಂದು ತಿಳಿಯುತ್ತಿದ್ದರು; ಅದು ಹೆದರಿಕೆ ಎಂದು ನನಗೆ ಗೊತ್ತಿತ್ತು. ಆದ್ದರಿಂದ ಎಲ್ಲರಿಗಿಂತ ಹೊಸಬರೇ ಮೊದಲು ಮಾತಾಡಬೇಕು, ತಮಗೆ ಆತಂಕ ಹುಟ್ಟಿಸಿದ ಒಬ್ಬ ರೋಗಿಯ ಬಗ್ಗೆ ಹೇಳಲೇಬೇಕು ಎಂದು ನಿಯಮ ಮಾಡಿದೆ. ಆರಂಭದಲ್ಲಿ ಗೊಣಗಾಟವಿತ್ತು. ತಿಂಗಳುಗಳು ಕಳೆದಂತೆ ರಾತ್ರಿ ಕರೆಗಳು ಬೇಗ ಬರತೊಡಗಿದವು.

ಏಜೆಂಟರ ವಿಷಯಕ್ಕೆ ನನ್ನ ಉತ್ತರ ಚಿಕ್ಕದು. ಕೆಲಸ ಕೊಡಿಸುವುದಕ್ಕಾಗಿ ನರ್ಸ್‌ನಿಂದ ಹಣ ಪಡೆಯುವುದನ್ನು ಬ್ರಿಟನ್ನಿನ ನೇಮಕಾತಿ ಸಂಹಿತೆಯೇ ನಿಷೇಧಿಸಿದೆ. ಕೇಳಿದವರನ್ನು ಅಲ್ಲಿಗೇ ಬಿಡಿ. ಉಳಿದ ಹೊತ್ತೆಲ್ಲ ಅಭ್ಯಾಸಕ್ಕೆ. ನಮ್ಮ ನಡುಮನೆಯ ದಿವಾನದ ಮೇಲೆ ಒಬ್ಬಳು ರೋಗಿಯಾಗಿ ಮಲಗುತ್ತಾಳೆ, ಇನ್ನೊಬ್ಬಳು ಔಷಧಿ ಕೊಡುತ್ತಾಳೆ. ಇಂಗ್ಲಿಷ್ ತಡವರಿಸುವವರಿಗೆ ಮೊದಲು ಕನ್ನಡದಲ್ಲೇ ಮಾಡಿಸುತ್ತೇನೆ. ಕಳೆದ ವಾರ ಕೆ.ಆರ್. ಪೇಟೆಯ ಹುಡುಗಿಯೊಬ್ಬಳು ಮಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತು, "ಅಮ್ಮಾ, ನಿಮಗೆ ಯಾವುದಾದರೂ ಮಾತ್ರೆ, ಇಂಜೆಕ್ಷನ್ ಒಗ್ಗುವುದಿಲ್ಲವೇ?" ಎಂದು ಗೋಡೆಯಾಚೆಗೂ ಕೇಳಿಸುವಂತೆ ಕೇಳಿದಳು. ಅದನ್ನೇ ಇಂಗ್ಲಿಷಿನಲ್ಲಿ ಕೇಳುವ ಅಭ್ಯಾಸವನ್ನು ಬರುವ ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ.