ನೋವು ಸ್ಪ್ಯಾನಿಷ್‌ನಲ್ಲಿ, ಇನ್ಶೂರೆನ್ಸ್ ಇಂಗ್ಲಿಷ್‌ನಲ್ಲಿ

ಅಮೆರಿಕಕ್ಕೆ ಇಂಗ್ಲಿಷ್ ಒಂದಿದ್ದರೆ ಸಾಕು ಅನ್ನುವವರು ಎಲ್ ಪಾಸೋದಲ್ಲಿ ಒಂದು ದಿನ ನನ್ನ ಕೆಲಸ ಮಾಡಿ ನೋಡಬೇಕು. ನಾನು ಫಿಸಿಯೋಥೆರಪಿಸ್ಟ್. ಮೊಣಕಾಲಿನ ಕೀಲು ಬದಲಿಸಿಕೊಂಡವರು, ಭುಜ ಹಿಡಿದುಕೊಂಡವರು, ಸ್ಟ್ರೋಕ್ ಆಗಿ ಮತ್ತೆ ನಡೆಯಲು ಕಲಿಯುತ್ತಿರುವವರು ನನ್ನ ಹತ್ತಿರ ಬರುತ್ತಾರೆ. ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ ಅಲ್ಲ ಇದು.

ಎಲ್ ಪಾಸೋ ಟೆಕ್ಸಾಸ್‌ನ ಪಶ್ಚಿಮ ತುದಿಯಲ್ಲಿದೆ. ಜನಸಂಖ್ಯೆ ಸುಮಾರು 6.8 ಲಕ್ಷ. ಹತ್ತರಲ್ಲಿ ಎಂಟು ಜನ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು, ಅದರಲ್ಲೂ ಹೆಚ್ಚಿನವರು ಮೆಕ್ಸಿಕೋ ಮೂಲದವರು. ಅಮೆರಿಕ, ಮೆಕ್ಸಿಕೋ ನಡುವಿನ 1848ರ ಒಪ್ಪಂದದಲ್ಲಿ ರಿಯೋ ಗ್ರಾಂದೆ ನದಿ ಗಡಿಯಾಯಿತು. ನದಿಯ ಆಚೆ ಮೆಕ್ಸಿಕೋದ ಸಿಯುದಾದ್ ಹುವಾರೆಸ್, ಈಚೆ ನಾವು. ಓದಲು, ಕೆಲಸಕ್ಕೆ, ಅಜ್ಜಿಮನೆಗೆ ಅಂತ ಜನ ಸೇತುವೆ ದಾಟಿ ಓಡಾಡುತ್ತಲೇ ಇರುತ್ತಾರೆ. ಹಾಗಾಗಿ ಇಲ್ಲಿ ಸ್ಪ್ಯಾನಿಷ್ ಪರದೇಶದ ಭಾಷೆ ಅಲ್ಲ. ಇಂಗ್ಲಿಷ್ ಕೂಡ ಅಲ್ಲ. ಎರಡನ್ನೂ ಸೇರಿಸಿ ಆಡುವ ಸ್ಪ್ಯಾಂಗ್ಲಿಷ್ ಅಂತೂ ಊರಿನ ಮನೆಮಾತು.

ನಾನು ಬಂದಾಗ ನನಗೆ ಸ್ಪ್ಯಾನಿಷ್ ಸೊನ್ನೆ. ಸಂಜೆ ತರಗತಿಗೆ ಸೇರಿದೆ. ಅಲ್ಲಿ ಪೆನ್ನು, ಪುಸ್ತಕ, ಬೆಕ್ಕು ಅಂತ ಶುರು ಮಾಡಿದರು. ನನ್ನ ಪೇಷಂಟ್‌ಗೆ ಬೆಕ್ಕು ಕಟ್ಟಿಕೊಂಡು ಏನಾಗಬೇಕು? ತರಗತಿ ಬಿಡಲಿಲ್ಲ, ಆದರೆ ನನ್ನ ಪಾಠ ನಾನೇ ಮಾಡಿಕೊಂಡೆ. ದಿನವಿಡೀ ಯಾವ ಮಾತು ಆಡುತ್ತೇನೋ ಅದನ್ನೇ ಮೊದಲು ಕಲಿತೆ. ಲೆವಾಂತೆ ಲಾ ಪಿಯೆರ್ನಾ, ಕಾಲು ಎತ್ತಿ. ದೋಬ್ಲೆ ಲಾ ರೊದೀಯಾ, ಮೊಣಕಾಲು ಮಡಚಿ. ಅಪ್ರಿಯೆತೆ, ಬಿಗಿ ಹಿಡಿಯಿರಿ. ಸುಎಲ್ತೆ, ಸಡಿಲ ಬಿಡಿ. ಹೇಳುತ್ತಾ ನಾನೇ ಮಾಡಿ ತೋರಿಸುತ್ತಿದ್ದೆ. ಸರಿಯಾಗಿ ಹೇಳಿದೆನೋ ಇಲ್ಲವೋ ಅನ್ನುವುದು ಆಗಲೇ ಗೊತ್ತಾಗುತ್ತಿತ್ತು: ಅವರ ಕಾಲು ಮೇಲೆ ಹೋಗುತ್ತಿತ್ತು, ಇಲ್ಲವೇ ಹೋಗುತ್ತಿರಲಿಲ್ಲ.

ಮೊದಲ ದಿನದಿಂದಲೇ ಇವೆಲ್ಲವನ್ನೂ ‘ನೀವು’ ರೂಪದಲ್ಲಿ ಕಲಿತೆ. ಸ್ಪ್ಯಾನಿಷ್‌ನಲ್ಲಿ ತೂ ಅಂದರೆ ನೀನು, ಉಸ್ತೆದ್ ಅಂದರೆ ನೀವು. ಮೊಬೈಲ್ ಆಪ್ ಎಲ್ಲರನ್ನೂ ತೂ ಅನ್ನಿಸುತ್ತಿತ್ತು. ಎಪ್ಪತ್ತರ ಅಜ್ಜನಿಗೆ ‘ಕಾಲು ಎತ್ತು’ ಅನ್ನೋದಕ್ಕೆ ನಮ್ಮ ನಾಲಿಗೆ ಹೊರಳುತ್ತದೆಯೇ? ನನ್ನ ಅಮೆರಿಕನ್ ಸಹೋದ್ಯೋಗಿಗಳು ಈ ವ್ಯತ್ಯಾಸಕ್ಕೆ ಒದ್ದಾಡುತ್ತಾರೆ. ಕನ್ನಡದವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಕೇಳಿಸದಿದ್ದಾಗ ಮೆಕ್ಸಿಕೋದವರು ‘ಮಾಂದೆ?’ ಅನ್ನುತ್ತಾರೆ. ಅಪ್ಪಣೆಯಾಗಲಿ ಅನ್ನುವ ಧಾಟಿ. ಅದನ್ನೂ ಎತ್ತಿಕೊಂಡೆ. ಇಷ್ಟು ಮರ್ಯಾದೆ ಇದ್ದರೆ ವ್ಯಾಕರಣ ಹೆಚ್ಚುಕಮ್ಮಿ ಆದರೂ ಹಿರಿಯರು ನಡೆಸಿಕೊಂಡು ಹೋಗುತ್ತಾರೆ. ಎರಡನೇ ಸಲ ಬರುವಷ್ಟರಲ್ಲಿ ನನ್ನನ್ನು ‘ಮೀಹಾ’, ಮಗಳೇ ಅನ್ನುತ್ತಿರುತ್ತಾರೆ.

ಕನ್ನಡ ಇನ್ನೂ ಬೇರೆ ಕಡೆ ಕೈಹಿಡಿಯಿತು. ಸ್ಪ್ಯಾನಿಷ್‌ನ ತ, ದ ನಮ್ಮ ತ, ದ ಇದ್ದ ಹಾಗೇ. ಇಂಗ್ಲಿಷ್‌ನವರ ಹಾಗೆ ಪ, ಕ ಹೇಳುವಾಗ ಗಾಳಿ ಊದಬೇಕಿಲ್ಲ. ಸ್ವರಗಳು ಐದೇ. ಪೆರೊ ಅಂದರೆ ಆದರೆ, ಪೆರ್ರೊ ಅಂದರೆ ನಾಯಿ. ಒತ್ತಕ್ಷರ ಗೊತ್ತಿರುವವರಿಗೆ ಇದೇನು ಕಷ್ಟ? ‘ಬರ್ತೀನಿ’ ಅಂದರೆ ‘ನಾನು’ ಅನ್ನುವುದು ಅದರೊಳಗೇ ಇದೆ ಅಲ್ವಾ, ಸ್ಪ್ಯಾನಿಷ್ ಕ್ರಿಯಾಪದವೂ ಹಾಗೆಯೇ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಮೆ ದುಎಲೆ ಲಾ ರೊದೀಯಾ’. ಪದಕ್ಕೆ ಪದ ಇಟ್ಟರೆ ‘ನನಗೆ ನೋಯುತ್ತದೆ ಮೊಣಕಾಲು’. ‘ನನಗೆ ಇಷ್ಟ’ ಅನ್ನುವುದಕ್ಕೂ ಇದೇ ಕಟ್ಟು, ಮೆ ಗುಸ್ತಾ. ಇಂಗ್ಲಿಷ್ ಮೂಲಕ ಹೋದರೆ ಇದು ತಲೆಕೆಳಗು ಅನ್ನಿಸುತ್ತದೆ, ಕನ್ನಡದಿಂದ ನೇರ ಹೋದರೆ ಏನೂ ಅನ್ನಿಸುವುದಿಲ್ಲ. ಅಲ್ಲಿಂದ ಮುಂದೆ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿಕೊಳ್ಳುವುದನ್ನೇ ನಿಲ್ಲಿಸಿದೆ.

ಕಷ್ಟ ಎಲ್ಲಿ ಅಂದರೆ, ಲಿಂಗದಲ್ಲಿ. ನಮಗೆ ಮೇಜು, ಕೈ, ಗೋಡೆ ಎಲ್ಲಾ ‘ಅದು’. ಅವರಿಗೆ ಪ್ರತಿಯೊಂದೂ ಗಂಡು ಇಲ್ಲವೇ ಹೆಣ್ಣು. ಕೈಗೆ ಮಾನೊ ಅನ್ನುತ್ತಾರೆ, ಗಂಡಿನ ಹಾಗೆ ಒ ಇಂದ ಮುಗಿಯುತ್ತದೆ, ಆದರೆ ಹೆಣ್ಣು. ಈಗಲೂ ಕೈತಪ್ಪುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನೋವಿನ ಮಾತುಗಳಿಗೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟೆ. ಒಂದರಿಂದ ಹತ್ತರೊಳಗೆ ಎಷ್ಟು ನೋವು ಅಂತ ಕೇಳಿದರೆ ಬರುವ ಅಂಕಿಗಿಂತ, ಅವರು ಸುಮ್ನೆ ಹೇಳಿಕೊಳ್ಳುವ ಮಾತಿನಲ್ಲೇ ಹೆಚ್ಚು ವಿಷಯ ಇರುತ್ತದೆ. ಓರ್ಮಿಗೆಯೊ ಅಂದರೆ ಇರುವೆ ಹರಿದಾಡಿದ ಹಾಗೆ ಜುಮ್ಮೆನ್ನುವುದು, ಅಂದರೆ ನರದ ಕಡೆ ನೋಡಬೇಕು. ಆರ್ದೊರ್ ಅಂದರೆ ಉರಿ. ಪುನ್ಸಾದಾಸ್ ಅಂದರೆ ಚುಚ್ಚಿದ ಹಾಗೆ. ನನ್ನ ಹತ್ತಿರ ಬರುವ ಮೊದಲು ಸೊಬದೋರ್ ಹತ್ತಿರ ಹೋದಿದ್ದಿರಾ ಅಂತಲೂ ಕೇಳುತ್ತೇನೆ. ಸೊಬದೋರ್ ಅಂದರೆ ಅವರ ಕಡೆ ಉಜ್ಜಿ, ನೀವಿ ನೋವು ತೆಗೆಯುವವರು. ನಮ್ಮಲ್ಲಿ ಉಳುಕು ತೆಗೆಯುವವರಿಲ್ಲವೇ, ಹಾಗೆ. ಈ ಪ್ರಶ್ನೆಯನ್ನು ನಗದೆ ಕೇಳಬೇಕು, ಆಗ ನಿಜ ಹೇಳುತ್ತಾರೆ.

ಇನ್ನು ಬಾಗಿಲಲ್ಲಿ ಯಾವ ಭಾಷೆ ಎತ್ತಬೇಕು ಅನ್ನುವುದು. ನಾನು ಬೆಳೆದದ್ದು ಬೆಳಗಾವಿಯಲ್ಲಿ. ಯಾವ ಅಂಗಡಿಯಲ್ಲಿ ಕನ್ನಡ, ಯಾವ ಅಂಗಡಿಯಲ್ಲಿ ಮರಾಠಿ ಅಂತ ಅಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಎಲ್ಲಿ ಸೂಕ್ಷ್ಮ ಇದೆ ಅಂತ ಕಿವಿಗೇ ಗೊತ್ತಾಗುತ್ತದೆ. ಇಲ್ಲೂ ಹಾಗೆಯೇ. ಹೆಸರು ಗಾರ್ಸಿಯಾ ಇದೆ ಅಂತ ಸ್ಪ್ಯಾನಿಷ್ ಶುರು ಮಾಡಿದರೆ ಕೆಲವರಿಗೆ ಮುಖ ಸಣ್ಣದಾಗುತ್ತದೆ. 1918ರ ಟೆಕ್ಸಾಸ್ ಕಾನೂನಿನ ಪ್ರಕಾರ ಶಾಲೆಯಲ್ಲಿ ಇಂಗ್ಲಿಷ್‌ನಲ್ಲೇ ಪಾಠ ಆಗಬೇಕಿತ್ತು. ಆಟದ ಬಯಲಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಏಟು ತಿಂದವರು ಇಂದಿಗೂ ಇದ್ದಾರೆ. ಎರಡು ಭಾಷೆಯಲ್ಲಿ ಕಲಿಸಲು ಒಕ್ಕೂಟ ಸರ್ಕಾರ ಹಣ ಕೊಡುವ ಕಾಯ್ದೆ ಬಂದದ್ದು 1968ರಲ್ಲಿ. ಹೀಗೆ ಏಟು ತಿಂದವರಲ್ಲಿ ಹಲವರು ತಮ್ಮ ಮಕ್ಕಳಿಗೆ ಬೇಕೆಂದೇ ಇಂಗ್ಲಿಷ್ ಮಾತ್ರ ಕಲಿಸಿದರು. ಆ ಮಕ್ಕಳ ಮಕ್ಕಳಿಗೆ ಈಗ ಸ್ಪ್ಯಾನಿಷ್ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನಾವು ಸ್ಪ್ಯಾನಿಷ್ ಎತ್ತಿದರೆ ಅವರಿಗೆ ಮುಜುಗರ.

ಹಾಗಾಗಿ ನಾನು ‘ಗುಡ್ ಮಾರ್ನಿಂಗ್, ಬುಎನೋಸ್ ದಿಯಾಸ್’ ಅಂತ ಎರಡನ್ನೂ ಒಂದೇ ಉಸಿರಲ್ಲಿ ಹೇಳುತ್ತೇನೆ. ಯಾವುದರಲ್ಲಿ ಉತ್ತರ ಬರುತ್ತದೋ ಅದೇ ದಾರಿ.

ತಮಾಷೆ ಅಂದರೆ, ನನ್ನ ಮೈಬಣ್ಣ ನೋಡಿ ಎಲ್ಲರೂ ನಾನೇ ಮೆಕ್ಸಿಕೋದವಳು ಅಂದುಕೊಳ್ಳುತ್ತಾರೆ. ಸೂಪರ್ ಮಾರ್ಕೆಟ್‌ನಲ್ಲಿ ಅಜ್ಜಿಯರು ನೇರ ಸ್ಪ್ಯಾನಿಷ್‌ನಲ್ಲಿ ಬೆಲೆ ಕೇಳುತ್ತಾರೆ. ಭಾರತದವಳು ಅಂದರೆ ‘ಆ, ಹಿಂದೂ!’ ಅನ್ನುತ್ತಾರೆ. ಧರ್ಮ ಕೇಳುತ್ತಿಲ್ಲ, ಮುಸ್ಲಿಮರಾದರೂ ಕ್ರೈಸ್ತರಾದರೂ ಭಾರತೀಯರಿಗೆ ಹಿಂದೂ ಅನ್ನುವುದೇ ಅವರ ರೂಢಿ. ಭಾರತೀಯ ಅನ್ನುವುದಕ್ಕೆ ಇಂದಿಯೊ ಅನ್ನುವ ಪದವೂ ಇದೆ, ಆದರೆ ಇಲ್ಲಿ ಇಂದಿಯೊ ಅಂದರೆ ಮೆಕ್ಸಿಕೋದ ಮೂಲನಿವಾಸಿ, ಬೈಗುಳವಾಗಿಯೂ ಬಳಸುತ್ತಾರೆ. ಅದಕ್ಕೆ ನನ್ನನ್ನು ಹಾಗೆ ಕರೆಯಲು ಅವರಿಗೇ ಸಂಕೋಚ.

ಸ್ಪ್ಯಾಂಗ್ಲಿಷ್ ವಿಷಯಕ್ಕೆ ಬರುತ್ತೇನೆ. ತರಗತಿಯಲ್ಲಿ ಕಲಿತ ಸ್ಪ್ಯಾನಿಷ್‌ನಿಂದ ಪೇಷಂಟ್‌ನ ದಿನಚರಿ ಕೇಳಿದರೆ ಅರ್ಧ ಅರ್ಥವಾಗುವುದಿಲ್ಲ. ‘ಎಸ್ತಾಬಾ ಮಾಪೆಯಾಂದೊ’ ಅಂದರೆ ಮಾಪ್ ಹಾಕಿ ನೆಲ ಒರೆಸುತ್ತಿದ್ದೆ. ಯಾರ್ದಾ ಅಂದರೆ ಮನೆ ಮುಂದಿನ ಅಂಗಳ, ಯಾರ್ಡ್. ತ್ರೋಕಾ ಅಂದರೆ ಪಿಕಪ್ ಟ್ರಕ್, ಅದಕ್ಕೆ ಹತ್ತಿ ಇಳಿಯುವಾಗ ಸೊಂಟಕ್ಕೆ ಏನಾಗುತ್ತದೆ ಅನ್ನುವುದು ನನ್ನ ಖಾಯಂ ಪ್ರಶ್ನೆ. ‘ಯಾರು ರಾಯ್ತೆ ಕೊಡುತ್ತಾರೆ?’ ಅಂದರೆ ಗಾಡಿಯಲ್ಲಿ ಯಾರು ಕರೆದುಕೊಂಡು ಬರುತ್ತಾರೆ ಅಂತ. ಇನ್ಶೂರೆನ್ಸ್‌ಗೆ ಅಸೆಗುರಾನ್ಸಾ ಅಂತ ಸ್ಪ್ಯಾನಿಷ್ ಅಂಗಿ ತೊಡಿಸಿದ್ದಾರೆ, ಆದರೆ ಕೋಪೇ (ಪ್ರತಿ ಭೇಟಿಗೆ ಪೇಷಂಟ್ ಕೊಡುವ ಪಾಲು), ಡಿಡಕ್ಟಿಬಲ್ (ಇನ್ಶೂರೆನ್ಸ್ ಶುರುವಾಗುವ ಮೊದಲು ಪೇಷಂಟೇ ಕೊಡಬೇಕಾದ ಮೊತ್ತ), ಎಂಆರ್‌ಐ ಎಲ್ಲಾ ಇಂಗ್ಲಿಷೇ. ಒಂದೇ ಅಮ್ಮ ನೋವನ್ನು ಸ್ಪ್ಯಾನಿಷ್‌ನಲ್ಲಿ ಹೇಳಿ, ಇನ್ಶೂರೆನ್ಸ್‌ನವರ ಮೇಲಿನ ಸಿಟ್ಟನ್ನು ಇಂಗ್ಲಿಷ್‌ನಲ್ಲಿ ತೀರಿಸಿಕೊಳ್ಳುತ್ತಾರೆ.

ಇದನ್ನು ಅರೆಬರೆ ಭಾಷೆ ಅಂತ ಮೂಗು ಮುರಿಯುವವರು ಜಾಸ್ತಿ, ಹೀಗೆ ಆಡುವವರ ಮನೆಯೊಳಗೇ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಶಾನಾ ಪೊಪ್ಲಾಕ್ ಎಂಬ ಭಾಷಾವಿಜ್ಞಾನಿ ನ್ಯೂಯಾರ್ಕ್‌ನ ಪೋರ್ಟೊ ರಿಕೊ ಮೂಲದವರ ಮಾತು ಕೇಳಿ 1980ರಲ್ಲೇ ಬರೆದಿದ್ದಾರೆ: ಎರಡೂ ಭಾಷೆಯ ಕಟ್ಟು ಹೊಂದುವ ಜಾಗದಲ್ಲೇ ಜನ ಭಾಷೆ ಬದಲಿಸುತ್ತಾರೆ, ವಾಕ್ಯದ ನಡುವೆ ಸಲೀಸಾಗಿ ಬದಲಿಸುವವರು ಎರಡೂ ಭಾಷೆ ಚೆನ್ನಾಗಿ ಬಲ್ಲವರು. ನಾನು ಕೇಳಿಸಿಕೊಂಡದ್ದೂ ಅದೇ. ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ‘ಮಾಡು’ ಅನ್ನುವ ಆಸೇರ್ ಪದಕ್ಕೆ ಇಂಗ್ಲಿಷ್ ಕ್ರಿಯಾಪದ ಸೇರಿಸುವುದುಂಟು. ‘ಇಂಪ್ರೂವ್ ಮಾಡು’, ‘ಕ್ಯಾನ್ಸಲ್ ಮಾಡು’ ಅನ್ನುವ ನಮಗೆ ಇದು ಹೊಸದೇ?

ಆದರೂ ನಾನಾಗಿ ಬೆರಕೆ ಶುರು ಮಾಡುವುದಿಲ್ಲ. ಅದು ಅವರ ಒಳಗಿನ ಮಾತು. ಹೊರಗಿನವಳು ಮೊದಲ ಭೇಟಿಯಲ್ಲೇ ಹಾಗೆ ಆಡಿದರೆ ಅಣಕಿಸಿದ ಹಾಗೆ ಕೇಳಿಸಬಹುದು. ಅವರು ಬೆರೆಸಿದರೆ ನಾನೂ ಬೆರೆಸುತ್ತೇನೆ. ಹುವಾರೆಸ್ ಕಡೆಯಿಂದ ಬಂದ ಕೆಲವು ಹಿರಿಯರಿಗಂತೂ ತ್ರೋಕಾ ಅನ್ನುವುದೇ ಹಿಡಿಸುವುದಿಲ್ಲ, ಅವರಿಗೆ ಕಾಮಿಯೊನೇತಾ ಅನ್ನುತ್ತೇನೆ.

ನನ್ನ ಭಾಷೆ ಎಲ್ಲಿ ಸಾಕಾಗುವುದಿಲ್ಲ ಅನ್ನುವ ಗೆರೆಯನ್ನೂ ಹಾಕಿಕೊಂಡಿದ್ದೇನೆ. ವ್ಯಾಯಾಮ, ನೋವು, ಮಾತುಕತೆ ನನ್ನದು. ಒಪ್ಪಿಗೆ ಪತ್ರ, ಔಷಧಿ, ಹೊಸದಾಗಿ ಕಾಣಿಸಿಕೊಂಡ ತಲೆಸುತ್ತು ಅಂದರೆ ದುಭಾಷಿಯನ್ನು ಕರೆಯುತ್ತೇನೆ. 1980ರಲ್ಲಿ ಫ್ಲೋರಿಡಾದಲ್ಲಿ 18ರ ಹುಡುಗನೊಬ್ಬನನ್ನು ಆಸ್ಪತ್ರೆಗೆ ತಂದರು. ಮನೆಯವರು ‘ಇಂತೊಕ್ಸಿಕಾದೊ’ ಅಂದರು, ತಿಂದದ್ದೇನೋ ಆಗಿಬರಲಿಲ್ಲ ಅನ್ನುವ ಅರ್ಥದಲ್ಲಿ. ಡಾಕ್ಟರರು ಮಾದಕವಸ್ತು ಅಂದುಕೊಂಡರು. ನಿಜಕ್ಕೂ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. ಅವನ ಕೈಕಾಲು ಸ್ವಾಧೀನ ತಪ್ಪಿದವು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಭಾಷೆಯ ನೆರವನ್ನು ಉಚಿತವಾಗಿ ಕೊಡಲೇಬೇಕು. ಅದರ ಬೇರು 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿದೆ. ತುರ್ತು ಬಿಟ್ಟರೆ ಜೊತೆಗೆ ಬಂದ ಮಕ್ಕಳನ್ನು ದುಭಾಷಿ ಮಾಡುವ ಹಾಗಿಲ್ಲ. ಮೊಮ್ಮಗ ಚುರುಕಾಗಿಯೇ ಇರುತ್ತಾನೆ, ಆದರೆ ಅಜ್ಜಿ ತನ್ನ ಮೂತ್ರದ ತೊಂದರೆಯನ್ನು ಅವನೆದುರು ಹೇಳುವುದಿಲ್ಲ.

ಫೋನ್ ಮಾತ್ರ ಈಗಲೂ ನನಗೆ ಕಷ್ಟ. ಮುಖ ಕಾಣುವುದಿಲ್ಲ, ಕಾಲು ತೋರಿಸಲಾಗುವುದಿಲ್ಲ. ಮಾತಾಡುವ ಮೊದಲು ಹೇಳಬೇಕಾದ್ದನ್ನು ಬರೆದಿಟ್ಟುಕೊಳ್ಳುತ್ತೇನೆ. ವಾಯ್ಸ್‌ಮೇಲ್ ಬಿಡುವಾಗ ಮೊದಲು ಸ್ಪ್ಯಾನಿಷ್‌ನಲ್ಲಿ, ನಿಧಾನಕ್ಕೆ, ನನ್ನ ಹೆಸರು ಮತ್ತು ಸಮಯ ಅಷ್ಟೇ. ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಹೇಳುತ್ತೇನೆ, ಯಾಕಂದರೆ ಅಜ್ಜಿಯ ಫೋನ್ ತೆರೆದು ಕೇಳುವವನು ಸಾಮಾನ್ಯವಾಗಿ ಮೊಮ್ಮಗ.