ಬೀಡಿ ಮುಟ್ಟದವರಿಗೂ ದಮ್ಮು: ನಿಮ್ಮ ಹೊಗೆ ಲೆಕ್ಕ ನೀವೇ ಹಾಕಿ

ನಾನು ಶಿವಮೊಗ್ಗ ಕಡೆಯ ಒಂದು ಆಸ್ಪತ್ರೆಯಲ್ಲಿ ಊದೋ ಟೆಸ್ಟು ಮಾಡಿಸುವವಳು. ಚೀಟಿಯಲ್ಲಿ ಡಾಕ್ಟರು ಬರೆಯುವ ಹೆಸರು ಸ್ಪೈರೋಮೆಟ್ರಿ. ಗಂಡಸರು ಬಂದು ಕೂತರೆ ಬೀಡಿ, ಸಿಗರೇಟಿನ ವಿಷಯ ಕೇಳುತ್ತೇನೆ. ಹೆಂಗಸರಾದರೆ ಮೊದಲ ಪ್ರಶ್ನೆ ಬೇರೆ: "ಬಚ್ಚಲ ಒಲೆಗೆ ಏನು ಉರಿಸ್ತೀರಿ?" ಕೆಲವರಿಗೆ ನಗು ಬರುತ್ತದೆ. ದಮ್ಮಿಗೂ ಬಚ್ಚಲಿಗೂ ಏನು ಸಂಬಂಧ ಅಂತ.

ಸಂಬಂಧ ಇದೆ. ಸಿಒಪಿಡಿ ಅನ್ನುವ ಕಾಯಿಲೆಯಲ್ಲಿ ಶ್ವಾಸಕೋಶದ ಗಾಳಿ ಕೊಳವೆಗಳು ಊದಿಕೊಂಡು ಕಿರಿದಾಗುತ್ತವೆ, ಒಳಗಿನ ಸಣ್ಣ ಗಾಳಿ ಚೀಲಗಳು ಹರಿದುಹೋಗುತ್ತವೆ. ಹರಿದದ್ದು ಮತ್ತೆ ಕೂಡುವುದಿಲ್ಲ. ಭಾರತದಲ್ಲಿ 2016ರ ಹೊತ್ತಿಗೆ ಸುಮಾರು ಐದೂವರೆ ಕೋಟಿ ಜನರಿಗೆ ಇದು ಇತ್ತು ಅನ್ನುವುದು ಒಂದು ದೊಡ್ಡ ಅಧ್ಯಯನದ ಅಂದಾಜು. ಅವರಲ್ಲಿ ಬೀಡಿ ಮುಟ್ಟದವರೂ ಬಹಳ ಜನ.

ವಯಸ್ಸು ಮೂವತ್ತು ದಾಟಿದ ಮೇಲೆ ಊದುವ ಶಕ್ತಿ ಎಲ್ಲರಿಗೂ ವರ್ಷಕ್ಕೆ ಸ್ವಲ್ಪ ಇಳಿಯುತ್ತದೆ, 20ರಿಂದ 30 ಮಿಲಿಲೀಟರ್ ಅನ್ನಿ. ಹೊಗೆ ತಾಳದ ಶ್ವಾಸಕೋಶಕ್ಕೆ ಹೊಗೆ ಬಿದ್ದರೆ ಅದರ ಎರಡರಷ್ಟು, ಇನ್ನೂ ಜಾಸ್ತಿ. ದೇವರು ನಮಗೆ ಗಾಳಿಯ ಜಾಗವನ್ನು ಧಾರಾಳವಾಗಿ ಕೊಟ್ಟಿದ್ದಾನೆ, ಹಾಗಾಗಿ ಇಳಿಯುತ್ತಿರುವುದು ಗೊತ್ತೇ ಆಗುವುದಿಲ್ಲ. ತೋಟದ ದಿಬ್ಬ ಹತ್ತುವಾಗ ಏದುಸಿರು ಬಂತು ಅಂತ ಜನ ನಮ್ಮ ಹತ್ತಿರ ಬರುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ. ಅದಕ್ಕೇ ಏದುಸಿರಿಗೆ ಕಾಯಬೇಡಿ. ಹೊಗೆ ಲೆಕ್ಕ ಹಾಕಿ.

ಸೇದುವವರ ಲೆಕ್ಕ ಸುಲಭ. ದಿನಕ್ಕೆ ಎಷ್ಟು ಸಿಗರೇಟು ಅನ್ನುವುದನ್ನು 20ರಿಂದ ಭಾಗಿಸಿ, ಎಷ್ಟು ವರ್ಷ ಸೇದಿದ್ದೀರೋ ಅದರಿಂದ ಗುಣಿಸಿ. ದಿನಕ್ಕೆ 10ರಂತೆ 20 ವರ್ಷ ಆದರೆ ಉತ್ತರ 10. ಅಲ್ಲಿಗೆ ಬಂದವರು ಟೆಸ್ಟು ಮಾಡಿಸಲೇಬೇಕು. ಬೀಡಿಯಲ್ಲಿ ಹೊಗೆಸೊಪ್ಪು ಕಮ್ಮಿ, ಹಾಗಾಗಿ ತೊಂದರೆಯೂ ಕಮ್ಮಿ ಅಂತ ವಾದ ಮಾಡುವವರು ದಿನಾ ಸಿಗುತ್ತಾರೆ. ಬೀಡಿ ಆರಿಹೋಗದ ಹಾಗೆ ಪದೇ ಪದೇ ಎಳೆಯಬೇಕು, ಟಾರು, ಕಾರ್ಬನ್ ಮೊನಾಕ್ಸೈಡು ಒಳಗೆ ಹೋಗುವುದು ಕಮ್ಮಿ ಏನಲ್ಲ. ಒಂದು ಬೀಡಿಯನ್ನು ಒಂದು ಸಿಗರೇಟು ಅಂತಲೇ ನಾನು ಎಣಿಸುತ್ತೇನೆ.

ಬಿಡುವುದಕ್ಕೆ ಮನಸ್ಸು ಗಟ್ಟಿ ಇದ್ದರೆ ಸಾಕು ಅನ್ನುವುದು ಸುಮ್ನೆ ಮಾತು. ನಿಕೋಟಿನ್ ಗಮ್ ಇದೆ, ಡಾಕ್ಟರು ಬರೆದುಕೊಡುವ ಮಾತ್ರೆ ಇದೆ. 1800-11-2356 ಅನ್ನುವ ಸರ್ಕಾರದ ಸಹಾಯವಾಣಿಗೆ ದುಡ್ಡಿಲ್ಲದೆ ಫೋನ್ ಮಾಡಬಹುದು. ಅರವತ್ತರಲ್ಲಿ ಬಿಟ್ಟರೂ ಲಾಭ ಇದೆ. ಹೋದದ್ದು ಬರುವುದಿಲ್ಲ, ಇಳಿಯುವ ವೇಗ ಕಮ್ಮಿಯಾಗುತ್ತದೆ.

ಈಗ ಒಲೆಯ ಲೆಕ್ಕ. ಸೌದೆ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ? ಎರಡನ್ನೂ ಗುಣಿಸಿ. ಮೈಸೂರು ಸುತ್ತಲಿನ ಹಳ್ಳಿಗಳ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಈ ಗುಣಲಬ್ಧ 60 ಮುಟ್ಟಿದ ಮೇಲೆ ದೀರ್ಘಕಾಲದ ಕೆಮ್ಮು ಕಫದ ಅಪಾಯ ಎದ್ದು ಕಂಡಿತ್ತು. ದಿನಕ್ಕೆ ನಾಲ್ಕು ಗಂಟೆಯಂತೆ 15 ವರ್ಷ ಬೇಯಿಸಿದರೆ 60 ಆಯಿತು. ಹದಿನೆಂಟಕ್ಕೆ ಮದುವೆಯಾಗಿ ಬಂದವಳು ಮೂವತ್ತಮೂರಕ್ಕೇ ಅಲ್ಲಿಗೆ ಮುಟ್ಟುತ್ತಾಳೆ, ಅಲ್ವಾ? ಆ ಅಧ್ಯಯನದಲ್ಲಿ ಎಣಿಸಿದ್ದು ಅಡುಗೆಯ ಹೊತ್ತು. ಬಚ್ಚಲ ಹೊತ್ತನ್ನೂ ಸೇರಿಸಿ ಅನ್ನುವುದು ನನ್ನ ಮಾತು.

ಯಾಕೆಂದರೆ ನಮ್ಮ ಮಲೆನಾಡಲ್ಲಿ ಗ್ಯಾಸು ಬಂದದ್ದು ಅಡುಗೆಮನೆಗೆ ಮಾತ್ರ. ಹಂಡೆ ನೀರು ಕಾಯುವುದು ಈಗಲೂ ಸೌದೆಯಲ್ಲೇ. ಸೌದೆ, ಅಡಿಕೆ ಸಿಪ್ಪೆ, ತೆಂಗಿನ ಸೋಗೆ, ಮೇಲೊಂದು ಪ್ಲಾಸ್ಟಿಕ್ ಕವರು, ಬೇಗ ಹತ್ತಿಕೊಳ್ಳಲಿ ಅಂತ. ಮಳೆಗಾಲದಲ್ಲಿ ಎಲ್ಲವೂ ಹಸಿ. ಅಡಿಕೆ ಕೊಯ್ಲು ಶುರುವಾದರೆ ಬೇಯಿಸುವ ದೊಡ್ಡ ಒಲೆ ಬೇರೆ, ರಾತ್ರಿವರೆಗೂ. ದನಗಳಿಗೆ ಹುರುಳಿ ಬೇಯಿಸುವುದನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. "ನಮ್ಮನೇಲಿ ಗ್ಯಾಸಿದೆ" ಅನ್ನುವ ಉತ್ತರ ಕೇಳಿ ನಾನು ಸುಮ್ಮನಾಗದೇ ಇರುವುದು ಇದಕ್ಕೇ.

ಸರಿಮಾಡುವುದು ಹೇಗೆ? ಮೊದಲು ಬಚ್ಚಲು. ಹಂಡೆಗೆ ಬೆಂಕಿ ಹಾಕುವ ಬಾಯಿ ಗೋಡೆಯ ಹೊರಗಡೆ ಇರುವ ಹಾಗೆ ಕಟ್ಟಿಸಿ. ಹಳೇ ಮನೆಗಳಲ್ಲೂ ಇದನ್ನು ಮಾಡಿಸಿಕೊಂಡವರಿದ್ದಾರೆ, ಗಾರೆಯವರಿಗೆ ದೊಡ್ಡ ಕೆಲಸ ಏನಲ್ಲ. ಹೊಗೆ ಕೊಳವೆ ಮಾಡಿನ ನೆತ್ತಿಗಿಂತ ಮೇಲೆ ಹೋಗಬೇಕು. ಹೆಂಚಿನ ಕೆಳಗೇ ನಿಂತರೆ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ. ಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಮಳೆಗಾಲಕ್ಕೆ ಮುಂಚೆ ತೆಗೆಯಿರಿ. ಸೋಲಾರ್ ಒಳ್ಳೆಯದು, ಆದರೆ ಜುಲೈ ತಿಂಗಳ ಆಗುಂಬೆ ಸೀಮೆಯಲ್ಲಿ ಅದನ್ನು ನಂಬಿ ಕೂರಲಾಗದು, ಜೊತೆಗೆ ಕರೆಂಟಿನ ಗೀಸರ್ ಬೇಕು. ಗ್ಯಾಸ್ ಗೀಸರ್ ಹಾಕಿಸುವವರು ಒಂದು ಮಾತು ಕೇಳಿ: ಬಾಗಿಲು ಕಿಟಕಿ ಮುಚ್ಚಿದ ಬಚ್ಚಲೊಳಗೆ ಅದನ್ನು ಇಡಲೇಬೇಡಿ. ಅದರ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಸತ್ತುಹೋದದ್ದಿದೆ.

ಅಡುಗೆಗೆ ಗೋಬರ್ ಗ್ಯಾಸ್ ಇದ್ದರೆ ಭಾಗ್ಯ. ಶಿರಸಿ ಕಡೆ ಅದು ಎಷ್ಟೋ ಮನೆಗಳಲ್ಲಿದೆ. ಸೌದೆ ಬಿಡುವುದು ಸಾಧ್ಯವೇ ಇಲ್ಲ ಅನ್ನುವವರಿಗೆ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಮಾಡಿದ್ದು. ಹೊಗೆ ಕೊಳವೆ ಇರುವ, ಕಮ್ಮಿ ಸೌದೆ ಬೇಡುವ ಒಲೆ. ಆದರೆ ಒಲೆಯ ಬಾಯಿ ದೊಡ್ಡದು ಮಾಡಿ ಇಡೀ ದಿಮ್ಮಿ ತುರುಕಿದರೆ ಯಾವ ಒಲೆಯೂ ಹೊಗೆ ಕಾರುತ್ತದೆ. ಸಣ್ಣಗೆ ಸೀಳಿದ, ಅಟ್ಟದ ಮೇಲೆ ಒಣಗಿದ ಸೌದೆ ಹಾಕಿ. ಪ್ಲಾಸ್ಟಿಕ್ ಬೇಡವೇ ಬೇಡ. ಬಸುರಿಯನ್ನೂ ಕೂಸನ್ನೂ ಒಲೆ ಹತ್ತಿರ ಕೂರಿಸಬೇಡಿ. ಶ್ವಾಸಕೋಶ ಬೆಳೆಯುವುದು ಇಪ್ಪತ್ತು ಇಪ್ಪತ್ತೈದರವರೆಗೆ ಮಾತ್ರ. ಬೆಳೆಯುವಾಗಲೇ ಕುಗ್ಗಿದರೆ ಆಮೇಲೆ ಇಳಿಯುವುದಕ್ಕೆ ಉಳಿತಾಯವೇ ಇರುವುದಿಲ್ಲ. ಮಗುವಿಗೆ ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಲ್ಲಿ ಹಾಕುವ ನ್ಯೂಮೋನಿಯಾ ಲಸಿಕೆಯನ್ನೂ ತಪ್ಪಿಸಬೇಡಿ.

ಸೊಳ್ಳೆ ಬತ್ತಿಯೂ ಹೊಗೆಯೇ. ಒಂದು ಸುರುಳಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಹೇಳಿದೆ. ಸೊಳ್ಳೆ ಪರದೆ ಕಟ್ಟಿ. ಊದುಬತ್ತಿ ಹಚ್ಚಬೇಡಿ ಅಂದರೆ ನನಗೆ ಬೈತೀರಿ, ಕಿಟಕಿ ತೆಗೆದು ಒಂದೇ ಹಚ್ಚಿ.

ಧೂಳಿನ ಕೆಲಸದವರು ಬೇರೆ ಒಂದು ವರ್ಗ. ಕಲ್ಲು ಕ್ರಷರ್, ಇಳಕಲ್ಲಿನ ಗ್ರಾನೈಟು, ಅಕ್ಕಿ ಗಿರಣಿ, ಬ್ಯಾಡಗಿಯ ಮೆಣಸಿನಕಾಯಿ ಚೀಲ ಹೊರುವುದು, ದಾವಣಗೆರೆಯ ಮಂಡಕ್ಕಿ ಭಟ್ಟಿ. ಇವುಗಳಲ್ಲಿ ಕಲ್ಲಿನ ಧೂಳು ಎಲ್ಲಕ್ಕಿಂತ ಕೆಟ್ಟದ್ದು. ಅದರಿಂದ ಬರುವ ಸಿಲಿಕೋಸಿಸ್‌ಗೆ ಔಷಧವೇ ಇಲ್ಲ, ಮೇಲಿಂದ ಕ್ಷಯವೂ ಬೇಗ ಅಂಟುತ್ತದೆ. ಬಾಯಿಗೆ ಟವೆಲ್ ಕಟ್ಟಿದರೆ ದಪ್ಪ ಧೂಳು ನಿಲ್ಲುತ್ತದೆ, ಕೊಲ್ಲುವ ಸಣ್ಣ ಧೂಳು ನಿಲ್ಲುವುದಿಲ್ಲ. ಕಲ್ಲು ಕೊರೆಯುವಾಗ ನೀರು ಬಿಡಬೇಕು, ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಎರಡನ್ನೂ ಮಾಲೀಕರ ಹತ್ತಿರ ಕೇಳಿ ಪಡೆಯಿರಿ. ಸಂಜೆ ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಅಂತ ಬೆಲ್ಲ ಹಂಚುವ ರೂಢಿ ಇದೆ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ.

ಹಿಂದೆ ಟಿಬಿ ಆಗಿ ವಾಸಿಯಾದವರು ಎಷ್ಟೋ ಜನ ಅದನ್ನು ಹೇಳುವುದೇ ಇಲ್ಲ, ನಾಚಿಕೆ. ಹೇಳಿ. ಟಿಬಿ ಬಿಟ್ಟುಹೋದ ಗಾಯದಿಂದಲೂ ಕೊಳವೆಗಳು ಕಿರಿದಾಗುತ್ತವೆ.

ಟೆಸ್ಟಿಗೆ ಯಾರು ಬರಬೇಕು? ಮೇಲಿನ ಯಾವ ಲೆಕ್ಕದಲ್ಲಾದರೂ ಸಿಕ್ಕಿಬಿದ್ದವರು. ವರ್ಷಕ್ಕೆ ಮೂರು ತಿಂಗಳಿನಂತೆ ಎರಡು ವರ್ಷ ಕಫ ಬರುತ್ತಿರುವವರು. ಜಾತ್ರೆಯಲ್ಲೋ ಮದುವೆ ಮನೆಗೆ ಹೋಗುವಾಗಲೋ ಓರಗೆಯವರ ಜೊತೆ ನಡೆಯಲಾರದೆ ಹಿಂದೆ ಬೀಳುವವರು. ವಯಸ್ಸಾಯ್ತಲ್ಲ ಅಂತ ಅದನ್ನು ತಳ್ಳಿಹಾಕಬೇಡಿ.

ಬರುವ ದಿನ ಹೊಟ್ಟೆ ಬಿರಿಯ ಉಣ್ಣಬೇಡಿ, ಬಿಗಿ ಬಟ್ಟೆ ಬೇಡ, ಬೆಳಿಗ್ಗೆಯಿಂದ ಬೀಡಿ ಬೇಡ. ಇನ್‌ಹೇಲರ್ ತೆಗೆದುಕೊಳ್ಳುವವರು ಎಷ್ಟು ಗಂಟೆ ಬಿಟ್ಟು ಬರಬೇಕು ಅಂತ ಮೊದಲೇ ಕೇಳಿಕೊಳ್ಳಿ. ಇತ್ತೀಚೆಗೆ ಹೃದಯಾಘಾತ, ಕಣ್ಣಿನ ಆಪರೇಷನ್ ಆಗಿದ್ದರೆ, ಕಫದಲ್ಲಿ ರಕ್ತ ಬಂದಿದ್ದರೆ ಊದುವ ಮೊದಲೇ ತಿಳಿಸಿ. ಮೂಗಿಗೆ ಕ್ಲಿಪ್ ಹಾಕುತ್ತೇವೆ. ಪೂರ್ತಿ ಉಸಿರು ಎಳೆದು, ಒಂದೇ ಏಟಿಗೆ ಜೋರಾಗಿ ಊದಿ, ನಾನು ಸಾಕು ಅನ್ನುವವರೆಗೆ ನಿಲ್ಲಿಸಬಾರದು. ಆರು ಸೆಕೆಂಡಾದರೂ ಆಗಬೇಕು. ನಮ್ಮ ಹೆಂಗಸರು ಊದುಕೊಳವೆ ಊದಿದ ಹಾಗೆ ತಡೆದು ತಡೆದು ಊದುತ್ತಾರೆ, ಅದು ಇಲ್ಲಿ ನಡೆಯದು. ಮೂರು ಸಲ ಸರಿಯಾಗಿ ಬರಬೇಕು. ಆಮೇಲೆ ಔಷಧದ ಗಾಳಿ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸುತ್ತೇವೆ. ನಾನು ಜೋರಾಗಿ ಕೂಗಿ ಹುರಿದುಂಬಿಸುತ್ತೇನೆ, ಜಗಳ ಅಂದುಕೊಳ್ಳಬೇಡಿ.

ವರದಿಯಲ್ಲಿ ನೋಡಬೇಕಾದ್ದು ಒಂದು ಅನುಪಾತ. ಮೊದಲ ಸೆಕೆಂಡಿನಲ್ಲಿ ಬಂದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸಿದ್ದು. ಔಷಧ ಕೊಟ್ಟ ಮೇಲೂ ಅದು 0.70ಕ್ಕಿಂತ ಕಮ್ಮಿ ಇದ್ದರೆ ಡಾಕ್ಟರು ಸಿಒಪಿಡಿ ಅನ್ನುವ ಕಡೆ ಯೋಚಿಸುತ್ತಾರೆ. ನಿಮ್ಮ ಲಕ್ಷಣ, ಹೊಗೆ ಲೆಕ್ಕ ಎರಡನ್ನೂ ಸೇರಿಸಿ ತೀರ್ಮಾನ ಮಾಡುವುದು ಅವರೇ, ನಾನಲ್ಲ. ಎಕ್ಸ್‌ರೇ ಚೆನ್ನಾಗಿದೆ ಅಂತ ಧೈರ್ಯ ತಂದುಕೊಂಡವರಿಗೆ ಹೇಳುವುದು: ಶುರುವಿನ ಸಿಒಪಿಡಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.

ಇನ್‌ಹೇಲರ್ ಬರೆದುಕೊಟ್ಟರೆ ಅಂಜಬೇಡಿ. ಅದು ಕೊನೇ ಹಂತದ ಔಷಧವಲ್ಲ, ಚಟವಾಗುವುದೂ ಇಲ್ಲ. ಮಾತ್ರೆಗಿಂತ ಎಷ್ಟೋ ಕಮ್ಮಿ ಔಷಧ ನೇರ ಕೊಳವೆಗೇ ಹೋಗುತ್ತದೆ. ಒತ್ತುವ ಪಂಪಾದರೆ ನಿಧಾನವಾಗಿ ಎಳೆಯಿರಿ, ಪುಡಿಯದ್ದಾದರೆ ಜೋರಾಗಿ. ಇದನ್ನು ಅದಲುಬದಲು ಮಾಡಿಕೊಂಡು ಔಷಧ ಕೆಲಸವೇ ಮಾಡುತ್ತಿಲ್ಲ ಅನ್ನುವವರು ಬಹಳ. ಸ್ಟೀರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಂಡರೆ ಒಳ್ಳೆಯದು.

ವರದಿಯನ್ನು ಮಡಚಿ ಎಲ್ಲೋ ಎಸೆಯಬೇಡಿ, ರೇಷನ್ ಕಾರ್ಡಿನ ಜೊತೆ ಇಡಿ. ಮುಂದಿನ ವರ್ಷ ಬಂದಾಗ ನನಗೆ ಬೇಕಾಗುವುದು ಅದೇ. ಎಷ್ಟು ಇಳಿದಿದೆ ಅಂತ ಹೇಳಲು ಎರಡು ಅಂಕಿ ಬೇಕಲ್ಲ.